ಬೆಂಕಿ ಇಲ್ಲದೆ ಕೂಡಿದ ಹಡಗು

ನಮ್ಮ ಹಡಗು ಒಡೆದು ಎರಡು ತುಂಡಾದದ್ದು ಒಂದು ಶುಕ್ರವಾರ ಮಧ್ಯಾಹ್ನ, ಮೂರೂವರೆಯ ಹೊತ್ತಿಗೆ. ಸೋಮವಾರ ಅದೇ ಹೊತ್ತಿಗೆ ಟೀವಿ ಹಚ್ಚಿದರೆ ಇಬ್ಬರು ಹೆಣ್ಣುಮಕ್ಕಳು ನಗುನಗುತ್ತ ಬದನೆಕಾಯಿ ಹೆಚ್ಚುತ್ತಿದ್ದರು. ಧಾರಾವಾಹಿ ನಿಂತುಹೋಗಿತ್ತು. ಯಾಕೆ ಎಂದು ಯಾರೂ ಹೇಳಲಿಲ್ಲ.

ಅದು ನೀರಿನ ಹಡಗಲ್ಲ, ಆಕಾಶದ್ದು. ಒಂದು ನಕ್ಷತ್ರ ಬಿಟ್ಟು ಇನ್ನೊಂದು ನಕ್ಷತ್ರಕ್ಕೆ ಹೊರಟದ್ದು. ಒಳಗೆ ಒಂದು ಊರಿನಷ್ಟು ಜನ. ಯಾವುದೋ ದೇಶದವರು ಮಾಡಿದ್ದನ್ನು ಕನ್ನಡಕ್ಕೆ ಡಬ್ ಮಾಡಿ ತೋರಿಸುತ್ತಿದ್ದರು. ತುಟಿ ಒಂದು ಹೇಳಿದರೆ ಮಾತು ಇನ್ನೊಂದು ಹೇಳುತ್ತಿತ್ತು. ಆದರೂ ನಾನು ಒಂದು ದಿನವೂ ತಪ್ಪಿಸಿದವನಲ್ಲ. ತಿಕೋಟಾದಲ್ಲಿ ನನ್ನದೊಂದು ವೆಲ್ಡಿಂಗ್ ಅಂಗಡಿ ಇದೆ. ಆರನೆಯ ಇಯತ್ತೆಗೆ ಸಾಲಿ ಬಿಟ್ಟು ಇನ್ನೊಬ್ಬರ ಅಂಗಡಿಯಲ್ಲಿ ರಾಡು ಹಿಡಿಯಲು ಕಲಿತವನು ನಾನು. ಇವತ್ತು ತಿಕೋಟಾದಿಂದ ಹೊನವಾಡದ ತನಕ ರಸ್ತೆಯ ಎರಡೂ ಬದಿ ನೋಡುತ್ತ ಹೋಗಿ, ದ್ರಾಕ್ಷಿ ಒಣಗಿಸುವ ಶೆಡ್ಡುಗಳು ನಿಂತಿವೆಯಲ್ಲ, ಅವುಗಳಲ್ಲಿ ಬಹಳಷ್ಟು ನನ್ನ ಕೈಯ ಬೆಸುಗೆ. ಗಾಳಿಗೆ ಒಂದೂ ಬಿದ್ದಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಹಡಗು ಒಡೆದ ಮರುವಾರ ನಾನು ರಾಡು ತರಲು ವಿಜಯಪುರಕ್ಕೆ ಬಸ್ಸು ಹತ್ತಿದ್ದೆ. ಕಂಡಕ್ಟರ್ ಟಿಕೆಟ್ ಹರಿಯುತ್ತ ಹರಿಯುತ್ತ ಯಾರಿಗೋ ಹೇಳುತ್ತಿದ್ದ:

"ಅಲ್ರಿ, ಹಡಗ ಒಡದೈತಿ, ಒಳಗಿನ ಮಂದಿ ಏನಾತು ಅಂತ ಹೇಳಬ್ಯಾಡ? ನನ್ನ ಬಸ್ಸು ಅರ್ಧ ದಾರ್‍ಯಾಗ ನಿಂತ್ರ ನಾನು ಇಳದು ಬದನಿಕಾಯಿ ಹೆಚ್ಚಾಕ ಹೋಗ್ತೀನೇನು?"

ನಾನು ತಿರುಗಿ ನೋಡಿದೆ. "ನೀವೂ ನೋಡ್ತಿದ್ರೇನ್ರಿ?" ಎಂದೆ. ಅವನು ಟಿಕೆಟ್ ಮಿಷನ್ನು ಎದೆಗೆ ಒತ್ತಿಕೊಂಡು ನನ್ನ ಪಕ್ಕದಲ್ಲೇ ಕುಳಿತುಬಿಟ್ಟ. ಮುಂದಿನ ಸೀಟಿನಲ್ಲಿದ್ದ ಒಬ್ಬರು ಅಕ್ಕಾರು, ಪ್ರಾಥಮಿಕ ಸಾಲಿಯಲ್ಲಿ ಕಲಿಸುವವರು, ಹಿಂದೆ ಹೊರಳಿ, "ಒಡದಿಲ್ಲರಿ. ಬ್ಯಾರೆ ಆಗೈತಿ. ಎರಡೂ ಭಾಗದಾಗ ಗಾಳಿ ಅದ, ಸರಿಯಾಗಿ ನೋಡ್ರಿ" ಎಂದು ನಮ್ಮಿಬ್ಬರನ್ನೂ ತಿದ್ದಿದರು. ವಿಜಯಪುರ ಬಂದರೂ ನಮ್ಮ ಮಾತು ಮುಗಿಯಲಿಲ್ಲ. ನಿಲ್ದಾಣದ ಎದುರಿನ ಚಹಾದಂಗಡಿಗೆ ಹೋಗಿ ಕುಳಿತೆವು. ಅವತ್ತು ಕಂಡಕ್ಟರನ ಬಸ್ಸು ಐದು ನಿಮಿಷ ತಡವಾಗಿ ಹೊರಟಿತು.

ಹೀಗೆ ನಮ್ಮ ಗುಂಪು ಶುರುವಾಯಿತು. ಫೋನಿನಲ್ಲಿ ಹದಿನಾಲ್ಕು ಮಂದಿ ಸೇರಿದರು. ಬರೆಯುವವರು ಮಾತ್ರ ನಾವು ಮೂವರೇ. ಉಳಿದವರು ಓದಿ ಹೆಬ್ಬೆರಳು ತೋರಿಸುವವರು. ಟೀವಿಯವರು ಹೇಳದೆ ಬಿಟ್ಟ ಕತೆಯನ್ನು ನಾವೇ ಮುಂದೆ ನಡೆಸೋಣ ಎಂದು ಅಕ್ಕಾರು ಹೇಳಿದರು. ನೀರಿನ ಪಾಳಿಯಂತೆ ಕತೆಗೂ ಪಾಳಿ ಮಾಡಿಕೊಂಡೆವು. ಒಬ್ಬರ ಪಾಳಿ ನಡೆದಾಗ ಇನ್ನೊಬ್ಬರು ಕೈ ಹಾಕುವಂತಿಲ್ಲ. ಕಂಡಕ್ಟರನ ರಜೆ ನೋಡಿಕೊಂಡು ತಿಂಗಳಿಗೊಂದು ಭಾನುವಾರ ಅದೇ ಚಹಾದಂಗಡಿಯಲ್ಲಿ ಕೂಡುವುದು, ಪಾಳಿಯವರು ತಮ್ಮ ಭಾಗ ಒಪ್ಪಿಸುವುದು, ಉಳಿದವರು ಕೇಳಿ ಹೌದು ಇಲ್ಲ ಎನ್ನುವುದು. ಒಪ್ಪಿಗೆಯಾದದ್ದನ್ನು ಅಕ್ಕಾರು ಮನೆಗೆ ಒಯ್ದು ಉದ್ದನೆಯ ನೋಟ್‌ಬುಕ್ಕಿನಲ್ಲಿ ದುಂಡಗೆ ಬರೆದಿಡುತ್ತಿದ್ದರು. ಒಪ್ಪದಿದ್ದರೆ ಆ ಭಾಗ ಬಿಟ್ಟುಹೋದಂತೆ.

ನಾನು ಬರೆಯುವವನು ಎಂದೆನಲ್ಲ, ಅದು ಪೂರ್ತಿ ನಿಜವಲ್ಲ. ನಾನು ಫೋನಿನಲ್ಲಿ ಮಾತಾಡಿ ಕಳಿಸುತ್ತಿದ್ದೆ. ನನ್ನ ಅಕ್ಷರ ಇಟ್ಟಿಗೆ ಪೇರಿಸಿದಂತೆ. ಒಂದು ಸಾಲು ಬರೆಯುವುದರಲ್ಲಿ ಒಂದು ಗೇಟು ಮುಗಿಸಬಹುದು. ಅಕ್ಕಾರು ಅದನ್ನು ಕೇಳಿ ಬರೆದುಕೊಳ್ಳುತ್ತಿದ್ದರು. ಒಂದು ದಿನವೂ ಆ ಬಗ್ಗೆ ಮಾತು ತೆಗೆದವರಲ್ಲ.

ಒಬ್ಬೊಬ್ಬರ ಕತೆ ಒಂದೊಂದು ತರಹ. ಕಂಡಕ್ಟರನ ಪಾಳಿ ಬಂತೆಂದರೆ ಹಡಗಿನಲ್ಲಿ ಯಾರಿಗಾದರೂ ಲಗ್ನವಾಗಲೇಬೇಕು. ಒಮ್ಮೆ ಬಾಗಿಲು ಕಾಯುವ ಯಂತ್ರಕ್ಕೂ ಲೆಕ್ಕ ಮಾಡುವ ಯಂತ್ರಕ್ಕೂ ಲಗ್ನ ಮಾಡಿದ.

"ಲೇ ದೋಸ್ತ, ಯಂತ್ರಕ್ಕ ಯಾವ ಅಕ್ಕಿಕಾಳು ಹಾಕ್ತೀ?" ಎಂದೆ.

"ನಿನ್ನ ಅಂಗಡ್ಯಾಗ ಬೀಳ್ತಾವಲ್ಲ ಕಿಡಿ, ಅವನ್ನ ಹಾಕೂದು" ಎಂದ.

ಅಕ್ಕಾರು ಹಡಗಿನಲ್ಲಿ ಒಂದು ಸಾಲಿ ತೆರೆದರು. ಅಲ್ಲಿನ ಮಕ್ಕಳು ಮಣ್ಣು ಎಂದರೆ ಏನೆಂದು ಕಂಡವರಲ್ಲ. ಅವರಿಗೆ ಆ ಸಾಲಿಯ ಅಕ್ಕಾರೊಬ್ಬರು ಮಣ್ಣಿನ ವಾಸನೆಯನ್ನು ಮಾತಿನಲ್ಲೇ ಕಲಿಸುತ್ತಾರೆ. ಅದನ್ನು ಕೇಳಿ ಕಂಡಕ್ಟರ್ ಚಹಾ ಕುಡಿಯುವುದನ್ನೇ ಮರೆತದ್ದು ನನಗೆ ನೆನಪಿದೆ. ನಾನು ಹಡಗಿನ ವೆಲ್ಡರನ ಕತೆ ಹೇಳುತ್ತಿದ್ದೆ. ಧಾರಾವಾಹಿಯಲ್ಲಿ ಅಂಥವನು ಇರಲೇ ಇಲ್ಲ. ಊರಿನಷ್ಟು ದೊಡ್ಡ ಕಬ್ಬಿಣದ ಹಡಗು, ಅದಕ್ಕೆ ಒಬ್ಬ ವೆಲ್ಡರ್ ಇಲ್ಲ ಎಂದರೆ ಬರೆದವನು ಕಬ್ಬಿಣ ಮುಟ್ಟಿದವನಲ್ಲ ಎಂದು ಅರ್ಥ.

ಹೋಗುತ್ತ ಹೋಗುತ್ತ ನಮ್ಮಲ್ಲಿ ಇಲಾಖೆಗಳಾದವು. ಸಾಲಿ, ಮಕ್ಕಳು, ಒತ್ತಕ್ಷರ ಅಕ್ಕಾರದು. ಪ್ರಯಾಣ, ಜಗಳ, ಲಗ್ನ ಕಂಡಕ್ಟರನದು. ಕಬ್ಬಿಣ, ಯಂತ್ರ, ಸೋರುವುದು, ಮುರಿಯುವುದು ನನ್ನದು. ಕಬ್ಬಿಣದ ಮಾತಿಗೆ ನಾನು ಹೌದು ಎಂದರೆ ಹೌದು, ಇಲ್ಲ ಎಂದರೆ ಇಲ್ಲ. ಸಾಲಿ ಬಿಟ್ಟವನ ಮಾತಿಗೆ ಅಕ್ಕಾರೊಬ್ಬರು ಪೆನ್ನು ಎತ್ತಿ ಕಾಯುವುದೆಂದರೆ ನನಗೆ ಆ ಭಾನುವಾರಗಳು ಹಬ್ಬದಂತೆ ಇದ್ದವು.

ಎರಡು ವರ್ಷ ನಮ್ಮ ಹಡಗಿನ ಎರಡು ತುಂಡುಗಳು ಜೊತೆಜೊತೆಗೆ ತೇಲಿದವು. ಆ ಕಡೆಯವರು ಈ ಕಡೆಯವರಿಗೆ ದೀಪ ತೋರಿಸುವುದು, ಈ ಕಡೆಯವರು ಕಿಟಕಿಗೆ ಬಟ್ಟೆ ಕಟ್ಟುವುದು. ಕೂಡಿಸುವುದು ಯಾರು? ಅದು ನನ್ನದೇ ಎಂದು ನಾನು ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡಿದ್ದೆ. ನನ್ನ ವೆಲ್ಡರ್ ಹಗ್ಗ ಕಟ್ಟಿಕೊಂಡು ಹೊರಗೆ ಇಳಿಯುತ್ತಾನೆ, ಕತ್ತಲಲ್ಲಿ ಅವನ ಕಿಡಿ ಕಾಣುತ್ತದೆ, ಎರಡೂ ಕಡೆಯ ಜನ ಕಿಟಕಿಗೆ ಮುಖ ಹಚ್ಚಿ ನೋಡುತ್ತಾರೆ. ಶೆಡ್ಡಿನ ಮೇಲೆ ಹತ್ತಿ ಕುಳಿತಾಗಲೆಲ್ಲ ಅದನ್ನೇ ಯೋಚಿಸುತ್ತಿದ್ದೆ.

ಅಷ್ಟರಲ್ಲಿ ಆ ಹುಡುಗಿ ಬಂದಳು.

ಬಬಲೇಶ್ವರದವಳು. ವಿಜಯಪುರದ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಬಂದು ಭೌತಶಾಸ್ತ್ರ ಓದುತ್ತಿದ್ದಳು. ಅಕ್ಕಾರ ಹಳೆಯ ವಿದ್ಯಾರ್ಥಿನಿ. ಐದು ತಿಂಗಳು ನಮ್ಮ ಜೊತೆ ಕುಳಿತು ಚಹಾ ಕುಡಿದಳು, ನಕ್ಕಳು, ಬರೆಯಲಿಲ್ಲ. ನಾವು ಮಾಡುತ್ತಿದ್ದುದಕ್ಕೆ ಒಂದು ಹೆಸರಿದೆ ಎಂದು ನನಗೆ ಹೇಳಿದವಳು ಅವಳೇ.

"ಇದಕ್ಕ ಫ್ಯಾನ್ ಫಿಕ್ಷನ್ ಅಂತಾರ್ರಿ ಕಾಕಾ. ಜಗತ್ತಿನ್ಯಾಗ ಎಲ್ಲಾ ಕಡೆ ಮಂದಿ ಹಿಂಗ ಬರೀತಾರ."

"ಹೌದಾ? ನಾವ ತಿಕೋಟಾದಾಗ ಹುಟ್ಸೇವಿ ಅಂತ ತಿಳ್ಕೊಂಡಿದ್ದೆ" ಎಂದೆ. ಎಲ್ಲರೂ ನಕ್ಕರು.

ಆರನೆಯ ತಿಂಗಳು ಅವಳಿಗೆ ಪಾಳಿ ಕೊಟ್ಟೆವು. ಮೊದಲ ಪಾಳಿ. ಅವಳದಾದ ಮೇಲೆ ನನ್ನದು. ಆ ಭಾನುವಾರ ನಾಲ್ಕು ಹಾಳೆ ತಂದಿದ್ದಳು. ಓದುವ ಮೊದಲು ದುಪಟ್ಟಾದ ಅಂಚಿನಿಂದ ಕೈ ಒರೆಸಿಕೊಂಡಳು. ಕತೆ ಹಡಗಿನ ಅಡುಗೆಯವಳದು. ಧಾರಾವಾಹಿಯಲ್ಲಿ ಹಿಂದೆ ಮುಂದೆ ಓಡಾಡುತ್ತಿದ್ದ ಒಬ್ಬ ಮುದುಕಿ. ನಮಗೆ ಯಾರಿಗೂ ಅವಳ ನೆನಪೇ ಇರಲಿಲ್ಲ. ಹಡಗು ಒಡೆದಾಗ ಅಡುಗೆಯವಳು ಒಂದು ತುಂಡಿನಲ್ಲಿ ಉಳಿದಿದ್ದಾಳೆ, ಅವಳ ಒಲೆ ಇನ್ನೊಂದು ತುಂಡಿನಲ್ಲಿ. ಕತೆ ಚೆನ್ನಾಗಿತ್ತು. ಚೆನ್ನಾಗಿದೆ ಎಂದು ಕೇಳುವಾಗಲೇ ನನಗೆ ಗೊತ್ತಾಗಿತ್ತು. ಇದನ್ನು ಈಗ ಹೇಳಬೇಕು.

ಆದರೆ ನಾಲ್ಕನೆಯ ಹಾಳೆಯಲ್ಲಿ ಅವಳು ಹಡಗನ್ನು ಕೂಡಿಸಿಬಿಟ್ಟಳು.

ಎರಡು ತುಂಡುಗಳು ಮೆಲ್ಲಗೆ ಸನಿಹ ಬರುತ್ತವೆ, ಅಂಚಿಗೆ ಅಂಚು ತಾಗುತ್ತದೆ, ಕಿಡಿಯಿಲ್ಲ, ಬೆಂಕಿಯಿಲ್ಲ, ತಾವಾಗಿಯೇ ಹಿಡಿದುಕೊಳ್ಳುತ್ತವೆ. ಅವಳು ಓದಿ ಮುಗಿಸಿದಾಗ ಕಂಡಕ್ಟರ್ ಬಾಯಿ ತೆರೆದಿದ್ದ. ಅಕ್ಕಾರು ನನ್ನ ಕಡೆ ನೋಡಿದರು. ನನ್ನ ಇಲಾಖೆ.

"ವೆಲ್ಡರ್ ಎಲ್ಲಿ?" ಎಂದೆ.

"ಬೇಕಾಗಂಗಿಲ್ರಿ ಕಾಕಾ. ಅಲ್ಲಿ ಗಾಳಿ ಇಲ್ಲಲ್ರಿ. ಗಾಳಿ ಇಲ್ಲದ ಕಡೆ ಬರೇ ಲೋಹಕ್ಕ ಬರೇ ಲೋಹ ತಾಗಿದ್ರ ತಾವ ಕೂಡ್ತಾವು. ಪುಸ್ತಕದಾಗ ಐತ್ರಿ."

"ಯವ್ವಾ, ಮೂವತ್ತು ವರ್ಷ ಆತು ನಾನು ಕಬ್ಬಿಣ ಕೂಡ್ಸಾಕತ್ತು. ಬೆಂಕಿ ಇಲ್ಲದ ಒಂದು ಚಿಲಕ ಕೂಡಿದ್ದು ನೋಡಿಲ್ಲ. ಪುಸ್ತಕ ಬೆಸುಗಿ ಹಾಕಂಗಿಲ್ಲವ್ವಾ. ಕೈ ಹಾಕ್ತಾವು."

ಪಕ್ಕದ ಮೇಜಿನವರೂ ನಕ್ಕರು. ನಾನು ಅಲ್ಲಿಗೆ ನಿಲ್ಲಿಸಬಹುದಿತ್ತು. "ಹಂಗ ತಾವ ಕೂಡೂದಿದ್ರ ನಾ ಅಂಗಡಿ ಮುಚ್ಚಿ, ಎರಡು ಕಬ್ಬಿಣದ ಆಂಗಲ್ ಎದುರಾಬದುರಾ ನಿಂದ್ರಿಸಿ, ಕೂಡ್ರೆಪ್ಪಾ ಅಂತ ಕೈ ಮುಗದು ಕುಂಡರ್ತೀನಿ" ಎಂದೆ. ಕಂಡಕ್ಟರ್ ಹೊಟ್ಟೆ ಹಿಡಿದುಕೊಂಡು ನಕ್ಕ. ಹುಡುಗಿಯೂ ನಗಲು ನೋಡಿದಳು. "ಆತ್ರಿ ಕಾಕಾ" ಎಂದು ಹಾಳೆಗಳನ್ನು ಮಡಿಚಿ, ಮಡಿಚಿದ್ದನ್ನು ಮತ್ತೆ ಮಡಿಚಿ ಚೀಲಕ್ಕೆ ಹಾಕಿಕೊಂಡಳು. ಚಹಾ ಪೂರ್ತಿ ಕುಡಿಯಲಿಲ್ಲ. ಅಕ್ಕಾರು ಅವತ್ತು ನೋಟ್‌ಬುಕ್ಕು ತೆರೆಯಲಿಲ್ಲ.

ಮರುದಿನ ಅಂಗಡಿಯಲ್ಲಿ ಫೋನು ನೋಡಿದರೆ, ಅವಳು ಗುಂಪಿನಿಂದ ಹೊರಗೆ ಹೋಗಿದ್ದಳು.

ಕಂಡಕ್ಟರನಿಗೆ ಫೋನು ಮಾಡಿದೆ. "ಇವತ್ತ ಮುಂಜಾನಿ ಬಸ್ಸಿನ್ಯಾಗ ಸಿಕ್ಕಿದ್ಳು" ಎಂದ. "ಬರ್ಯೂದು ನನಗ ಒಗ್ಗಂಗಿಲ್ರಿ ಮಾಮಾ, ಪರೀಕ್ಷಾಕ್ಕ ಓದ್ಕೋತೀನಿ ಅಂದ್ಳು. ಲೇ, ನಾನೂ ನಕ್ಕೆ. ನಗಬಾರದಿತ್ತಲೇ."

"ಸಣ್ಣ ಹುಡುಗಿ, ಮರೀತಾಳ" ಎಂದೆ ನಾನು. ಹಾಗೆ ಹೇಳಿ ಫೋನು ಇಟ್ಟು ಗ್ರೈಂಡರ್ ಹಚ್ಚಿದೆ. ಅದರ ಸದ್ದಿನಲ್ಲಿ ಬೇರೆ ಏನೂ ಕೇಳುವುದಿಲ್ಲ.

ಈಗ ಪಾಳಿ ನನ್ನದು. ನನ್ನ ವೆಲ್ಡರ್ ಹಗ್ಗ ಕಟ್ಟಿಕೊಂಡು ನಿಂತಿದ್ದಾನೆ, ನಾನು ಇಳಿಸಬೇಕು ಅಷ್ಟೆ. ಮಧ್ಯಾಹ್ನ ಊಟವಾದ ಮೇಲೆ ಫೋನು ಬಾಯಿಯ ಹತ್ತಿರ ಹಿಡಿದು ಕುಳಿತರೆ ಎರಡು ಮಾತಿಗೆ ನಿಲ್ಲುತ್ತಿದ್ದೆ. ಕಿಡಿ ಹಾರಿತು ಎನ್ನುತ್ತಿದ್ದೆ, ಅಳಿಸುತ್ತಿದ್ದೆ. ಎರಡು ವರ್ಷ ಕಾದಿಟ್ಟುಕೊಂಡ ಕತೆ ಬಾಯಿಗೆ ಬಂದಾಗ ಸಪ್ಪಗಾಗಿತ್ತು. ಊಟ ತಂದ ಹೆಂಡತಿ, "ಏನಾತು? ಹಡಗ ಕೂಡವಲ್ದೇನು?" ಎಂದಳು. "ಕೂಡ್ತೈತಿ ತಗೋ" ಎಂದೆ. ಅವಳು ಡಬ್ಬಿ ಮುಚ್ಚುತ್ತ, "ಆ ಹುಡುಗಿ ಬಂದಾಗಿಂದ ಮನ್ಯಾಗೂ ಬರೇ ಆಕೀದ ಮಾತಿತ್ತು. ಈಗ ಎಂಟು ದಿನಾತು, ಒಮ್ಮಿನೂ ಹೆಸರ ತಗದಿಲ್ಲ ನೋಡ್ರಿ" ಎಂದು ಹೇಳಿ ಹೋದಳು.

ಅದಾದ ಮೂರನೆಯ ದಿನ ಬಬಲೇಶ್ವರದ ಹತ್ತಿರ ಒಂದು ತೋಟದಲ್ಲಿ ಕೆಲಸ ಬಂತು. ಒಣಗಿಸುವ ಮೊದಲು ದ್ರಾಕ್ಷಿಯನ್ನು ಔಷಧದ ನೀರಿನಲ್ಲಿ ಅದ್ದುತ್ತಾರೆ. ಅದಕ್ಕೆ ಸ್ಟೀಲಿನ ಟಾಕಿ. ತುಕ್ಕು ಹಿಡಿಯಬಾರದೆಂದು ಅದರ ನಟ್ಟು ಬೋಲ್ಟುಗಳೂ ಸ್ಟೀಲಿನವೇ. ಮೂರು ಬೋಲ್ಟು ಬಿಗಿದೆ. ನಾಲ್ಕನೆಯದು ಅರ್ಧಕ್ಕೆ ನಿಂತಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಪಾನಾ ಹಾಕಿ ಜಗ್ಗಿದೆ. ಇದು ಹೊಸದೇನಲ್ಲ. ಸ್ಟೀಲಿನ ಬೋಲ್ಟು ಎಣ್ಣೆ ಹಚ್ಚದೆ ಭರದಿಂದ ತಿರುಗಿಸಿದರೆ ಹೀಗೆ ಹಿಡಿದುಬಿಡುತ್ತದೆ, ಮತ್ತೆ ಬಿಡುವುದಿಲ್ಲ, ಕತ್ತರಿಸಿಯೇ ತೆಗೆಯಬೇಕು. ನಮ್ಮ ಕೆಲಸದವರೆಲ್ಲ ಇದನ್ನು ಬೈಯುತ್ತಾರೆ. ನಾನೂ ಮೂವತ್ತು ವರ್ಷದಿಂದ ಬೈದಿದ್ದೇನೆ.

ಅವತ್ತೂ ಬಾಯಿಗೆ ಬೈಗುಳ ಬಂತು. ಪೂರ್ತಿ ಹೊರಗೆ ಬರುವ ಮೊದಲೇ ನನ್ನ ಕೈ ನಿಂತಿತು.

ಬೋಲ್ಟನ್ನು ಟಾಕಿಯಿಂದ ಕತ್ತರಿಸಿ ತೆಗೆದೆ. ಆಮೇಲೆ ನಟ್ಟು ಬೋಲ್ಟು ಎರಡನ್ನೂ ಸೇರಿಸಿ ಗ್ರೈಂಡರಿನಿಂದ ಉದ್ದಕ್ಕೆ ಸೀಳಿದೆ. ಒಳಮುಖವನ್ನು ಅರಿವೆಯಿಂದ ಒರೆಸಿ ಬಿಸಿಲಿಗೆ ಹಿಡಿದು ನೋಡಿದೆ. ನಟ್ಟು ಎಲ್ಲಿ ಮುಗಿಯಿತು, ಬೋಲ್ಟು ಎಲ್ಲಿ ಶುರುವಾಯಿತು, ಎರಡರ ನಡುವೆ ಒಂದು ಗೆರೆ ಇರಬೇಕಲ್ಲ, ಅದು ಅಲ್ಲಲ್ಲಿ ಇರಲೇ ಇಲ್ಲ. ಎರಡೂ ಒಂದೇ ಆಗಿದ್ದವು. ರಾಡಿಲ್ಲ, ಕಿಡಿಯಿಲ್ಲ, ಬೆಂಕಿಯಿಲ್ಲ. ಇಂಥವನ್ನು ನಾನು ನೂರಾರು ಕತ್ತರಿಸಿ ಗುಜರಿಗೆ ಎಸೆದಿದ್ದೆ. ಒಂದನ್ನೂ ಸೀಳಿ ನೋಡಿದವನಲ್ಲ.

ತೋಟದ ಮಾಲೀಕ, "ಏನ್ರಿ ಮೇಸ್ತ್ರಿ, ಬೋಲ್ಟಿನ್ಯಾಗ ಬಂಗಾರ ಸಿಕ್ತೇನು?" ಎಂದ. ನಾನು ಹೋಳನ್ನು ಮತ್ತೆ ಬಿಸಿಲಿಗೆ ತಿರುಗಿಸಿದೆ. ಚಹಾದಂಗಡಿಯಲ್ಲಿ ಆಡಿದ ಮಾತುಗಳು ಒಂದೊಂದಾಗಿ ಕಿವಿಗೆ ಬರುತ್ತಿದ್ದವು. ಕೈ ಹಾಕ್ತಾವು ಎಂದಿದ್ದೆ. ಆ ಕೈ ಇಷ್ಟು ವರ್ಷ ಅದೇ ವಸ್ತುವನ್ನು ಹಿಡಿದುಕೊಂಡೂ ತಿಳಿಯದೆ ಕುಳಿತಿತ್ತು. ಇನ್ನೂ ಒಂದು ಮಾತಿದೆ. ಹುಡುಗಿಯ ವಿಜ್ಞಾನ ತಪ್ಪು ಎಂದು ನಾನು ಅವಳನ್ನು ತಡೆದದ್ದಲ್ಲ. ಕೂಡಿಸುವುದು ನನ್ನ ಪಾಲಿನದು, ಅವಳು ಮೊದಲು ಕೂಡಿಸಿಬಿಟ್ಟಳು, ಅದಕ್ಕೆ ತಡೆದೆ.

ಟಾಕಿ ಮುಗಿಸಿ, ಬೋಲ್ಟಿನ ಹೋಳನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಕಂಡಕ್ಟರನಿಗೆ ಫೋನು ಮಾಡಿ ಆ ಹುಡುಗಿಯ ಮನೆ ಕೇಳಿದೆ. "ರೊಟ್ಟಿ ಅಕ್ಕನ ಮನಿ ಯಾವ್ದು ಅಂತ ಕೇಳು. ಅವರವ್ವ ಕಡಕ್ ರೊಟ್ಟಿ ಮಾಡಿ ಮಾರ್ತಾಳ, ಎಲ್ಲಾರೂ ತೋರಸ್ತಾರ" ಎಂದ. "ಯಾಕಲೇ? ಮತ್ತೇನರ ಅನ್ನಾಕ ಹೊಂಟೀಯೇನು?"

"ಅನ್ನಿಸ್ಕೊಳ್ಳಾಕ ಹೊಂಟೀನಿ" ಎಂದೆ.

ಹೊರಗಿನಿಂದಲೇ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ಹುಡುಗಿ ಇನ್ನೂ ಕಾಲೇಜಿನಿಂದ ಬಂದಿರಲಿಲ್ಲ. ಅವಳ ತಾಯಿ ಒಲೆಯ ಮುಂದೆ ಕುಳಿತಿದ್ದಳು, ಮೊಣಕೈ ತನಕ ಹಿಟ್ಟು. ನಾನು ತಿಕೋಟಾದವನು, ಕತೆಯ ಗುಂಪಿನವನು ಎಂದೆ. ರೊಟ್ಟಿ ಹೆಂಚಿಗೆ ಹಾಕಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು.

"ಬೆಂಕಿ ಬೇಕು ಅಂದಾವ್ರು ನೀವ ಏನ್ರಿ ಅಣ್ಣಾರ?"

"ಹೌದ್ರಿ ಅಕ್ಕಾ. ನಾನ."

"ಕುಂಡರ್ರಿ" ಎಂದಳು. ಒಂದು ತಂಬಿಗೆ ನೀರು ಸರಿಸಿದಳು. ಆಮೇಲೆ ಇನ್ನೊಂದು ರೊಟ್ಟಿಯನ್ನು ಮೊದಲಿಗಿಂತ ಜೋರಾಗಿ ಬಡಿಯಲು ಶುರುಮಾಡಿದಳು. "ನಾಲ್ಕು ದಿನಾ ನಾ ರೊಟ್ಟಿ ಬಡಿಯೂ ಮುಂದ ಇಲ್ಲೇ ಕುಂತು ಓದಿ ಓದಿ ಹೇಳ್ಯಾಳ. ನನಗ ಓದಾಕ ಬರಂಗಿಲ್ಲ, ಕೇಳಾಕ ಬರ್ತೈತಿ. ಹಂಗಲ್ಲ ಹಿಂಗ ಅಂತ ತಿದ್ದಿ ತಿದ್ದಿ ಬರ್ದಾಳ. ಆ ಐತವಾರ ಬಂದಾಕಿ ನಾಲ್ಕೂ ಹಾಳಿ ಒಲಿಗೆ ಹಾಕಿದ್ಳು. ಯಾಕಬೇ ಅಂದ್ರ, ಅದು ಸುಳ್ಳ ಕತಿ ಅಂದ್ಳು. ಕತಿ ಸುಳ್ಳ ಇರೂದು ಯಾರಿಗಿ ಗೊತ್ತಿಲ್ರಿ?"

ಹಾಳೆಗಳು ಸುಟ್ಟುಹೋಗಿವೆ ಎಂದು ಕೇಳಿ, ಎತ್ತಿದ ತಂಬಿಗೆಯನ್ನು ಕೆಳಗಿಟ್ಟೆ. ತಪ್ಪಾಯಿತು, ನಿನ್ನ ಕತೆ ತಾ, ನೋಟ್‌ಬುಕ್ಕಿಗೆ ಏರಿಸೋಣ ಎಂದು ಹೇಳಲು ನಾನು ಬಂದಿದ್ದೆ. ಏರಿಸಲು ಈಗ ಏನೂ ಉಳಿದಿರಲಿಲ್ಲ.

"ಮತ್ತೊಮ್ಮಿ ಬರೀತಾಳೇನ್ರಿ?" ಎಂದೆ.

"ಬರ್ಯೂದ ಬಿಟ್ಟೀನಿ ಅಂತಾಳ." ತಾಯಿ ಕೈ ನಿಲ್ಲಿಸಿದಳು. "ನನ್ನ ಚಿಂತಿ ಅದಲ್ರಿ. ಆ ಅಡಗಿ ಮಾಡಾಕಿ ಒಂದ ಕಡೆ, ಆಕಿ ಒಲಿ ಒಂದ ಕಡೆ. ಅಷ್ಟು ಮಂದಿ ಉಣಲಾರದ ಕುಂತಾರ. ಹಡಗ ಕೂಡೈತಿ ಅಂತ ಮದ್ಲ ಹೇಳಿದ್ಳು. ಈಗ ಕೂಡಿಲ್ಲ ಅಂತಾಳ. ಯಾವ್ದು ಖರೇ?"

ನನಗೆ ಆಗ ಹೊಳೆಯಿತು. "ಅಕ್ಕಾ, ಕತಿ ಪೂರಾ ನೆನಪೈತೇನ್ರಿ ನಿಮಗ?"

"ನೆನಪಿಲ್ದ ಏನು? ನಾಲ್ಕು ದಿನಾ ಕೇಳೀನಿ."

ನಾನು ಫೋನು ತೆಗೆದು, ರೆಕಾರ್ಡಿಂಗ್ ಹಚ್ಚಿ ಹಿಟ್ಟಿನ ಡಬ್ಬಿಯ ಮೇಲೆ ಇಟ್ಟೆ. ಹೇಳಿ ಎಂದೆ. ಅವಳು ಫೋನಿನ ಕಡೆ ಒಮ್ಮೆ ನಾಚಿಕೊಂಡು ನೋಡಿ, ಮತ್ತೆ ರೊಟ್ಟಿಗೆ ಕೈ ಹಚ್ಚಿದ ಮೇಲೆಯೇ ಮಾತು ಬಂತು. ಬಡಿಯುವ ತಾಳಕ್ಕೆ ಕತೆ ನಡೆಯಿತು. ಚಹಾದಂಗಡಿಯಲ್ಲಿ ಕೇಳಿದ ಕತೆಯೇ, ಆದರೆ ಇಲ್ಲಿ ಅಡುಗೆಯವಳು ಹಡಗಿನ ಯಜಮಾನನನ್ನೇ ಬೈಯುತ್ತಿದ್ದಳು. ಕಿಟಕಿಯ ಆಚೆ ತೇಲುವ ತುಂಡಿನಲ್ಲಿದ್ದ ತನ್ನ ಒಲೆಯ ಕಡೆ ನೋಡುತ್ತ, ತಣ್ಣಗಾಗಿ ಕುಳಿತೀಯೇನೇ ಎಂದು ಅದನ್ನು ಮಾತಾಡಿಸುತ್ತಿದ್ದಳು. ಚಹಾದಂಗಡಿಯಲ್ಲಿ ನಾನು ಹಡಗನ್ನಷ್ಟೇ ಕೇಳಿಸಿಕೊಂಡಿದ್ದೆ. ಈ ಹೆಂಗಸಿನ ಕಣ್ಣಲ್ಲಿ ನೀರು ತರಿಸಿದ ಆ ಒಲೆಯನ್ನು ಕೇಳಿಸಿಕೊಂಡಿರಲಿಲ್ಲ.

"ಆಮ್ಯಾಲ ಆ ಮುದುಕಿ ಹಗ್ಗಾ ಹಾಕಿ ಎರಡೂ ಹಡಗ ಎಳದ್ಳು" ಎಂದಳು ತಾಯಿ.

"ಹಂಗಲ್ಲ ಬೇ!"

ಹುಡುಗಿ ಬಾಗಿಲಲ್ಲಿ ನಿಂತಿದ್ದಳು, ಹೆಗಲಿಗೆ ಕಾಲೇಜಿನ ಚೀಲ. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ನನ್ನನ್ನು ನೋಡಿ ಮುಖ ಬಿಗಿಯಿತು. ಆದರೆ ತಾಯಿ ಬಿಡಲಿಲ್ಲ.

"ಹಂಗಲ್ಲಂದ್ರ ಹೆಂಗ? ಹಗ್ಗದ್ಲೆ ಎಳದ್ಳು ಅಂದಿದ್ದಿ."

"ಹಗ್ಗಾ ಎಲ್ಲಿಂದ ಬಂತು? ಆಕಿ ಎಳೀಲಿಲ್ಲ. ಎರಡೂ ಕಡೆ ಮಂದಿ ಒಂದ ಹೊತ್ತಿನ್ಯಾಗ ಇಂಜಿನ್ ಒಂದೀಟ ಹಚ್ಚಿ ಬಂದ್ ಮಾಡಿದ್ರು. ಆಕಿ ಬರೇ ಎಣಸಿ ಹೇಳಿದ್ಳು, ಒಂದು, ಎರಡು ಅಂತ. ರೊಟ್ಟಿ ಎಣಸಿದಂಗ."

ಹೇಳಿ ಮುಗಿಸಿ ಚೀಲವನ್ನು ಎದೆಗೆ ಎಳೆದುಕೊಂಡಳು. ನಾನು ಎದ್ದು ನಿಂತೆ. ಸಣ್ಣವರ ಮುಂದೆ ತಪ್ಪಾಯಿತು ಎಂದು ಹೇಳಿ ನನಗೆ ರೂಢಿಯಿಲ್ಲ. ಜೇಬಿನಿಂದ ಬೋಲ್ಟಿನ ಹೋಳು ತೆಗೆದು ಅವಳ ಕೈಯಲ್ಲಿಟ್ಟೆ.

"ನೋಡವ್ವಾ. ಬೆಂಕಿ ಮುಟ್ಟಿಲ್ಲ ಇದಕ್ಕ. ಬರೇ ತಿರುವಿದ್ದಕ್ಕ ಕೂಡೈತಿ. ಇಂಥಾವು ಮೂವತ್ತು ವರ್ಷ ಕಡದ ಒಗದೀನಿ, ನನಗ ಗೊತ್ತಾಗಿಲ್ಲ. ನೀ ಹೇಳಿದ್ದು ಖರೇ. ನಾನ ತಪ್ಪು. ತಪ್ಪಷ್ಟ ಅಲ್ಲ, ಹೊಟ್ಟಿಕಿಚ್ಚು. ಕೂಡಸೂದು ನನ್ನ ಪಾಳಿಗಿ ಬರ್ಲಿ ಅಂತ ಕಾಯಾಕತ್ತಿದ್ದೆ."

ಅವಳು ಹೋಳನ್ನು ಬೆಳಕಿಗೆ ತಿರುಗಿಸಿ ನೋಡಿದಳು. ಬೆರಳಿನಿಂದ ಗೆರೆ ಹುಡುಕಿದಳು, ನಾನು ಹುಡುಕಿದಂತೆಯೇ. ಉಗುರಿನಿಂದ ಕೆರೆದು ನೋಡಿದಳು. ತಾಯಿ ರೊಟ್ಟಿ ಬಿಟ್ಟು ಈ ಕಡೆ ಬಗ್ಗಿದಳು.

"ಇದು ಗಾಳ್ಯಾಗ ಕೂಡೈತ್ರಿ ಕಾಕಾ" ಎಂದಳು ಕೊನೆಗೆ.

"ಹೌದು."

"ಅಂದ್ರ... ಲೋಹದ ಮ್ಯಾಲ ಒಂದು ತೆಳುವು ಪದರ ಇರ್ತೈತ್ರಿ, ಗಾಳಿಗಿ ಆದದ್ದು. ತಿರುವೂ ಮುಂದ ಅದು ಕೆರದು ಹೋಗೇತಿ. ಅದಕ್ಕ ಹಿಡದೈತಿ." ಅವಳು ತಲೆ ಎತ್ತಿದಳು. "ಹಂಗಾರ ನನ್ನ ಕತಿಯಾಗೂ ತಪ್ಪು ಐತ್ರಿ. ನಮ್ಮ ಹಡಗ ಭೂಮಿ ಮ್ಯಾಲ ಮಾಡಿದ್ದು. ಅದರ ಮೈಮ್ಯಾಲೂ ಪದರ ಇರ್ತೈತಿ. ಬರೇ ತಾಗಿದ್ರ ಕೂಡಂಗಿಲ್ಲ."

"ಕೂಡಂಗಿಲ್ಲ ಅನಬ್ಯಾಡಬೇ ಮತ್ತ!" ತಾಯಿ ಹಿಟ್ಟಿನ ಕೈಯನ್ನೇ ಎತ್ತಿದಳು. "ಎಷ್ಟ ಸಲಾ ಕೂಡ್ಸಿ ಎಷ್ಟ ಸಲಾ ಒಡೀತೀರಿ? ಮಂದಿ ಉಪಾಸ ಅದಾರ."

ಹುಡುಗಿ ನಕ್ಕುಬಿಟ್ಟಳು. ನಾನೂ ನಕ್ಕೆ. ನಕ್ಕ ಮೇಲೆ ಅವಳು ಚೀಲ ಇಳಿಸಿ, ಅದರಿಂದ ಒಂದು ನೋಟ್‌ಬುಕ್ಕು ತೆಗೆದು, ಅದರ ಹಿಂದಿನ ಖಾಲಿ ಹಾಳೆ ತೆರೆದು ಒಲೆಯ ಪಕ್ಕ ನೆಲದ ಮೇಲೆ ಕುಳಿತಳು. ಮತ್ತೆ ಬರೆಯುತ್ತೇನೆ ಎಂದು ಹೇಳಲಿಲ್ಲ. ಪೆನ್ನಿನ ಮುಚ್ಚಳ ಹಲ್ಲಿನಲ್ಲಿ ಕಚ್ಚಿ ತೆಗೆದು ಕೇಳಿದಳು:

"ಕಾಕಾ, ಬೆಸುಗಿ ಹಾಕೂಕಿಂತ ಮದ್ಲ ಕಬ್ಬಿಣಾ ಹೆಂಗ ಸ್ವಚ್ಛ ಮಾಡ್ತೀರಿ?"

ಇದಕ್ಕೆ ನನ್ನ ಬಳಿ ಉತ್ತರವಿತ್ತು. ತಂತಿಯ ಬ್ರಷ್ಷು, ಅದಾದ ಮೇಲೆ ಕಾನಸ, ಅಂದರೆ ಉಜ್ಜುವ ಅರ, ಅಂಚಿಗೆ ಗ್ರೈಂಡರು. ಎಣ್ಣೆಯ ಕೈ ತಾಗಬಾರದು. ತಿಕ್ಕಿ ಬಿಟ್ಟು ಚಹಾಕ್ಕೆ ಹೋಗಿ ಬಂದರೆ ಮತ್ತೆ ತಿಕ್ಕಬೇಕು. ನಾನು ಹೇಳುತ್ತ ಹೋದೆ, ಅವಳು ಬರೆಯುತ್ತ ಹೋದಳು. ಹಡಗಿನ ಹೊರಗೆ ಗಾಳಿ ಇಲ್ಲವಲ್ಲ, ಅಲ್ಲಿ ಒಮ್ಮೆ ತಿಕ್ಕಿದ್ದು ಹಾಗೆಯೇ ಇರುತ್ತದೆ ಎಂದು ಅವಳು ಹೇಳಿದಳು. ಹಾಗಾದರೆ ನಿನ್ನ ಹಡಗಿನವರು ಪುಣ್ಯವಂತರು ಎಂದೆ. ತಿಕ್ಕಲು ಯಾರು ಇಳಿಯಬೇಕು ಎಂಬ ಮಾತು ಬಂತು. ನಾನು ಬಾಯಿ ಬಿಡಲಿಲ್ಲ. "ನಿಮ್ಮ ವೆಲ್ಡರ್ ಇಳೀಲ್ರಿ" ಎಂದು ಅವಳೇ ಹೇಳಿದಳು. "ರಾಡ್ ಬಿಟ್ಟು ಬ್ರಷ್ ತಗೊಂಡು ಇಳೀತಾನ. ಸಿಟ್ಟಿನ್ಯಾಗ ಇಳೀತಾನ್ರಿ. ಇದು ಕೂಡಂಗಿಲ್ಲ ಅಂತ ಒಟಗುಟ್ಟಕೋತ ತಿಕ್ಕತಾನ."

"ಬರಿ" ಎಂದೆ. "ಒಟಗುಟ್ಟೂದು ಒಂದೀಟು ಜಾಸ್ತಿನ ಬರಿ."

ಆ ರೆಕಾರ್ಡಿಂಗನ್ನು ನಾನು ನಿಲ್ಲಿಸಿಯೇ ಇರಲಿಲ್ಲ. ಅದೆಲ್ಲವೂ ಅದರಲ್ಲಿ ಬಂದಿತ್ತು, ನನ್ನ ತಪ್ಪಿನ ಮಾತೂ. ಅಳಿಸಲು ಹೋಗಲಿಲ್ಲ. ನಾಲ್ಕು ಜನರ ಮುಂದೆ ಆಡಿದ ಮಾತಿನ ತಪ್ಪೊಪ್ಪಿಗೆಯನ್ನೂ ನಾಲ್ಕು ಜನರೇ ಕೇಳಲಿ ಎಂದು ಅಲ್ಲೇ ಕುಳಿತು ಗುಂಪಿಗೆ ಕಳಿಸಿದೆ. ಸ್ವಲ್ಪ ಹೊತ್ತಿಗೆ ಕಂಡಕ್ಟರನ ದನಿ ಬಂತು, ಹಿಂದೆ ಬಸ್ಸಿನ ಗದ್ದಲ: "ಲೇ, ಮಾತು ಅರ್ಧ ತಿಳೀಲಿಲ್ಲ. ನಡುವ ಯಾರೋ ನಿನಗ ದಬದಬ ಬಡ್ಯಾಕತ್ತಾರಲ್ಲೋ!" ಅಕ್ಕಾರು ಹುಡುಗಿಯನ್ನು ಗುಂಪಿಗೆ ಮತ್ತೆ ಸೇರಿಸಿದ್ದು ಫೋನಿನಲ್ಲಿ ಕಂಡಿತು. ಅವಳು ಅದನ್ನು ನೋಡಿದಳು, ನೋಡಿ ಫೋನನ್ನು ಮಗುಚಿಟ್ಟು ಬರೆಯುವುದನ್ನು ಮುಂದುವರಿಸಿದಳು. ಗುಂಪಿನಿಂದ ಹೊರಗೆ ಹೋಗಲಿಲ್ಲ.

ನಾನು ಹೊರಟಾಗ ತಾಯಿ ಒಂದು ಕಟ್ಟು ರೊಟ್ಟಿಯನ್ನು ಹಾಳೆಯಲ್ಲಿ ಸುತ್ತಿ ಕೊಟ್ಟಳು.

"ಇಕೀದು ಆದಮ್ಯಾಲ ಯಾರ್ದ್ರಿ ಪಾಳಿ?"

"ನಂದ್ರಿ ಅಕ್ಕಾ."

"ಕೂಡಸೂದು ಮುಗೀತು. ಇನ್ನ ನೀವೇನ್ ಹೇಳ್ತೀರಿ?"

ನಾನು ಯೋಚಿಸಿಯೇ ಇರಲಿಲ್ಲ. ಎರಡು ವರ್ಷ ಬೆಸುಗೆಯ ತನಕ ಯೋಚಿಸಿದ್ದೆ, ಅದರ ಆಚೆಗಿಲ್ಲ.

"ನೀವ ಹೇಳ್ರಿ" ಎಂದೆ.

"ಆಕಿ ಒಲಿ ಹಚ್ಚರಿ" ಎಂದಳು. "ಕಬ್ಬಿಣಕ್ಕ ಬೆಂಕಿ ಬ್ಯಾಡಂದ್ರ ಬ್ಯಾಡ. ರೊಟ್ಟಿಗಿ ಬೇಕು."